ಗುರುಪಾದನ ಕೈನಡೆ

ಮಣ್ಣು ಕೊಡಲು ಬಂದ ನೆಂಟರೆಲ್ಲ ಊರಿಗೆ ಹೋದ ಮೇಲಿನ ಮೊದಲ ಬೆಳಗು ಅದು. ಹಾಲಿನವನು ಎಂದಿನಂತೆ ಗೇಟಿಗೆ ಎರಡು ಪ್ಯಾಕೆಟ್ ಸಿಕ್ಕಿಸಿ ಹೋಗಿದ್ದ. ಇನ್ನು ಒಂದೇ ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನನ್ನ ಜೊತೆಗೆಂದು ಉಳಿದಿದ್ದ ನನ್ನ ಅವ್ವ ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಹಾಲು ಹಿಡಿದು ಅಂಗಳದಲ್ಲಿ ನಿಂತಿದ್ದಾಗ ಫೋನು ಸದ್ದು ಮಾಡಿತು.

"ಶ್ರೀ ಗುರುಪಾದ ಹೂಗಾರ ಅವರ ಈ ವರ್ಷದ ಕೈನಡೆ ನಿನ್ನೆ ಸ್ವೀಕೃತವಾಗಿದೆ. ತಾವು ಜೀವಂತವಾಗಿರುವುದನ್ನು ದೃಢಪಡಿಸಿದ್ದಕ್ಕೆ ಧನ್ಯವಾದಗಳು."

"ಯಾರದವಾ ಫೋನು?" ಅವ್ವ ಒಳಗಿನಿಂದಲೇ ಕೇಳಿದಳು.

"ಇವರ ಆಫೀಸಿಂದು."

"ಇವತ್ತ ಶುರು ಆತಾ ಅವರದು? ಮೊದಲ ಬಂದು ಎರಡು ತುತ್ತು ತಿನ್ನು."

ತಿಂದೆ. ಅವಲಕ್ಕಿಯಲ್ಲಿ ಉಪ್ಪಿತ್ತೋ ಇಲ್ಲವೋ ನೆನಪಿಲ್ಲ.

ಗುರುಪಾದ ನನ್ನ ಗಂಡ. ಬೈಪಾಸಿನ ತಿರುವಿನಲ್ಲಿ ಬೈಕು ಜಾರಿ ಸತ್ತ. ಆಸ್ಪತ್ರೆಯಲ್ಲಿ ಗುರುತು ಹೇಳಿದವಳು ನಾನೇ. ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದ್ದೂ ನಾನೇ. ಆದ್ದರಿಂದ ಅವನು ನಿನ್ನೆ ಎಲ್ಲಿಗೂ ಹೋಗಿ ಏನನ್ನೂ ಜೋಡಿಸಿರಲಾರ. ಬೇರೆ ಯಾರೋ ಅವನ ಕೈ ಇಟ್ಟುಕೊಂಡಿದ್ದಾರೆ.

ಮುಖ, ದನಿ, ಬೆರಳಚ್ಚು ಮೂರನ್ನೂ ನಂಬಲಾಗದ ಕಾಲ ಬಂದಾಗ ಈ ಕೈನಡೆ ಬಂತು. ಯಾರ ಮುಖವನ್ನು ಯಾರು ಬೇಕಾದರೂ ಹೊತ್ತು ಬ್ಯಾಂಕಿನವರ ಜೊತೆ ಮಾತಾಡಬಹುದಾಗಿತ್ತು. ಆದರೆ ಒಬ್ಬೊಬ್ಬರ ಕಾಲಿಗೆ ಒಂದೊಂದು ನಡಿಗೆ ಇರುವಂತೆ ಕೈಗೂ ಇದೆ. ಒಂದಷ್ಟು ಬಣ್ಣದ ತುಂಡುಗಳನ್ನು ಕೊಟ್ಟು ಜೋಡಿಸಲು ಹೇಳಿದರೆ ಯಾವುದನ್ನು ಮೊದಲು ಎತ್ತುತ್ತೀರಿ, ಎಷ್ಟು ಒತ್ತುತ್ತೀರಿ, ಎಲ್ಲಿ ತಡೆಯುತ್ತೀರಿ ಎಂಬುದನ್ನು ಇನ್ನೊಬ್ಬರು ನಟಿಸಲಾರರು. ಆ ತುಂಡುಗಳನ್ನು ಪ್ರಿಂಟರಿನಲ್ಲಿ ಪದರದ ಮೇಲೆ ಪದರವಾಗಿ ಅಚ್ಚು ಹಾಕುತ್ತಾರೆ. ಒಳಗೆ ಕೂದಲೆಳೆಯಂಥ ಕಪ್ಪು ಗೆರೆಗಳಿರುತ್ತವೆ. ಇಂಗಾಲ ಬೆರೆಸಿದ ಆ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುತ್ತದೆ, ಮುಟ್ಟಿದ್ದನ್ನೆಲ್ಲ ಒಗಟು ತಾನೇ ಬರೆದಿಟ್ಟುಕೊಳ್ಳುತ್ತದೆ. ಬಣ್ಣಗಳು ಚಂದಕ್ಕಲ್ಲ. ಒಂದೇ ಬಣ್ಣದ ಒಗಟಿನಲ್ಲಿ ಕೈಯ ಬಲವಷ್ಟೇ ತಿಳಿಯುತ್ತದೆ. ಬಣ್ಣಗಳಿದ್ದರೆ ಒಂದನ್ನು ಎತ್ತುವ ಮುಂಚಿನ ಅನುಮಾನವೂ ತಿಳಿಯುತ್ತದೆ. ವರ್ಷಕ್ಕೊಮ್ಮೆ ಎಲ್ಲರೂ ಅಂಚೆ ಕಚೇರಿಯ ಗೂಡಿನಲ್ಲಿ ಕೂತು ಹೊಸ ಒಗಟು ಜೋಡಿಸಿ ತಾವು ಇದ್ದೇವೆ ಎಂದು ತೋರಿಸಬೇಕು. ರೇಷನ್ನು, ಆಸ್ಪತ್ರೆ, ಅಂಗಡಿಯ ಪರವಾನಗಿ, ಮದುವೆಯ ನೋಂದಣಿ, ಎಲ್ಲಕ್ಕೂ ಅದೇ ಬೇಕು. ಸತ್ತವರ ಕೈನಡೆಗೆ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಕೈನಡೆ ಮತ್ತೆ ಎಲ್ಲೂ ನಡೆಯುವುದಿಲ್ಲ.

ಗುರುಪಾದ ಧಾರವಾಡದ ಕೈನಡೆ ಕೇಂದ್ರದಲ್ಲಿ ಈ ಒಗಟುಗಳನ್ನು ವಿನ್ಯಾಸ ಮಾಡುತ್ತಿದ್ದ. ನಾನು ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ.

*

ಕೇಂದ್ರದ ಮುಖ್ಯಸ್ಥರು ಜಮಖಂಡಿ ಸರ್. ಅವರ ಕೋಣೆಯ ಗಾಜಿನಾಚೆ ಸಾಲಾಗಿ ಪ್ರಿಂಟರುಗಳು ಓಡುತ್ತಿದ್ದವು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಗುರುಪಾದನ ಅಂಗಿಗಳಿಗೂ ಇದೇ ವಾಸನೆ ಇರುತ್ತಿತ್ತು.

"ಬರ್ರಿ, ಕೂಡ್ರಿ. ಚಹಾ ತರಸ್ತೀನಿ."

"ಬ್ಯಾಡ ಸರ್. ಈ ಸಂದೇಶ ಏನು ಹೇಳ್ರಿ."

ಅವರು ಫೋನು ನೋಡಿ ತಿರುಗಿ ಕೊಟ್ಟರು. ಅವರಿಗೆ ಅದು ಹೊಸದಾಗಿರಲಿಲ್ಲ.

"ಏನೋ ತಪ್ಪಾಗೇದ ಅನ್ಕೋರಿ."

"ಇದು ತಪ್ಪು ಮಾಡೂದಿಲ್ಲ ಅಂತ ಪೇಪರಿನಾಗ ಹೇಳಿಕಿ ಕೊಟ್ಟವರು ನೀವ ಅಲ್ಲೇನ್ರಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹುಬ್ಬಳ್ಳಿಯಿಂದ ಬಂದದ್ದು. ಹೂವಿನ ಪ್ಯಾಟಿ ಹತ್ರ ಅಂಚೆ ಕಚೇರಿ ಅದ ಅಲ್ಲ, ಅಲ್ಲಿ ಗೂಡಿನಾಗ."

"ಯಾರು ಕೂತಿದ್ರು ಅಂತ ಗೊತ್ತಾಗೂದಿಲ್ಲ?"

"ಮುಖ ನೋಡೂದು ಬಿಟ್ಟು ಎಷ್ಟು ವರ್ಷ ಆತು ಮೇಡಂ? ಗೂಡಿನಾಗ ಕ್ಯಾಮೆರಾ ಇಲ್ಲ." ದನಿ ತಗ್ಗಿಸಿ ಕೇಳಿದರು, "ತಪ್ಪು ತಿಳೀಬ್ಯಾಡ್ರಿ. ಅವರು ಮನ್ಯಾಗ ಏನರ ಮಾಡಿಟ್ಟಿದ್ರೇನು? ಕೈಗವಸು… ಅಂಥಾದ್ದು? ನೀವರ ಅದನ್ನ ಯಾರಿಗರ…"

ನನ್ನ ಮೇಲೆ ಅನುಮಾನ ಎಂದು ತಿಳಿಯಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಆ ದಿನಗಳಲ್ಲಿ ಎಲ್ಲವೂ ನನಗೆ ತಡವಾಗಿ ಮುಟ್ಟುತ್ತಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಾಜಿನಾಚೆ ಮೂಲೆಯಲ್ಲಿ ಒಂದು ಯಂತ್ರದ ಕೈ ನಿಂತಿತ್ತು. ಅದು ಒಂದೇ ತುಂಡನ್ನು ತೆಗೆದು, ಇಟ್ಟು, ತೆಗೆದು, ಇಡುತ್ತಿತ್ತು. ಗುರುಪಾದ ಇಷ್ಟು ವರ್ಷ ಜೋಡಿಸಿದ್ದೆಲ್ಲ ಈ ಕಟ್ಟಡದಲ್ಲೇ ದಾಖಲಾಗಿದೆ. ಅನುಮಾನ ಪಡಲು ನನಗೂ ಕಾರಣವಿತ್ತು.

"ಆ ಕೈಗೆ ಇವರಂಗ ಜೋಡಿಸೂದು ಕಲಿಸಬಹುದೇನ್ರಿ ಸರ್?"

"ಆಗೂದಿಲ್ಲ. ಒಗಟಿಗೆ ಮನುಷ್ಯರ ಚರ್ಮದ ಬೆವರು ಬೇಕು. ಅದು ತುಂಡು ಸವೀತಾವೋ ಇಲ್ಲೋ ನೋಡ್ಲಿಕ್ಕಷ್ಟ." ಅವರು ಒಂದು ಕಾಗದ ಮುಂದೆ ಸರಿಸಿದರು. "ಇದಕ್ಕ ಒಂದು ಸಹಿ ಮಾಡ್ರಿ. ಮರಣ ನೋಂದಣಿ. ನಾಳೆಗೆ ಕೈನಡೆಗೆ ಮುದ್ರಿ ಬೀಳ್ತದ. ಯಾರು ಕದ್ದಿದ್ರೂ ಉಪಯೋಗಿಲ್ಲ. ನಿಮ್ಮ ಪಿಂಚಣಿ ಶುರು ಆಗ್ತದ. ನಿಮಗೂ ನೆಮ್ಮದಿ, ನಮಗೂ."

"ಯಾರು ಅಂತ ಹುಡುಕೂದಿಲ್ಲೇನು?"

"ಹುಡುಕಿ ಏನ್ ಮಾಡೂದದ?"

ಕದ್ದವನು ಯಾರೆಂದು ಕೇಳದೆ ಬಾಗಿಲು ಹಾಕುವ ಅವಸರ ಅವರಿಗೆ ಯಾಕೆ? ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು ಎದ್ದೆ. ಅವರು ಬಾಗಿಲ ತನಕ ಬಂದರು.

"ವಾರದೊಳಗ ಕೊಡ್ರಿ. ನೀವು ಕೊಡದಿದ್ರ ಆಸ್ಪತ್ರಿ ಕಡೆಯಿಂದ ತಾನ ಬರ್ತದ. ಮುದ್ರಿ ಅಂತೂ ಬೀಳೂದ."

*

ಅವನ ಕಂಪ್ಯೂಟರನ್ನು ಕೇಂದ್ರದವರು ಆಫೀಸಿನ ಆಸ್ತಿ ಎಂದು ಆಗಲೇ ಒಯ್ದಿದ್ದರು. ಹಿಂದಿನ ಕೋಣೆಯ ಹಳೆಯ ಪ್ರಿಂಟರು ಅವನ ಸ್ವಂತದ್ದು. ಅದನ್ನು ಬಿಟ್ಟಿದ್ದರು.

ಬಾಗಿಲ ಹಿಂದೆ ಒಂದು ಗೋಣಿಚೀಲ ಇತ್ತು. ಬಿಚ್ಚಿದೆ. ಬರೀ ಉಗುಳುಗಂಬಗಳು. ಈ ಹೆಸರು ಗುರುಪಾದನದು. ಪ್ರಿಂಟರು ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ನಳಿಗೆಯಲ್ಲಿ ಉಳಿದ ಹಳೆಯ ಬಣ್ಣವನ್ನು ಎಲ್ಲಾದರೂ ಉಗುಳಬೇಕು. ಅದಕ್ಕೆ ಒಗಟಿನ ಪಕ್ಕದಲ್ಲೇ ಒಂದು ಚೌಕದ ಕಂಬ ಎದ್ದುಕೊಳ್ಳುತ್ತ ಹೋಗುತ್ತದೆ. ಅಚ್ಚು ಮುಗಿದ ಮೇಲೆ ಅದು ಕಸ. ಪದರ ಪದರವಾಗಿ ಬಣ್ಣದ ಪಟ್ಟೆಗಳಿರುವ ಕಸ.

ಚೀಲದಲ್ಲಿದ್ದ ಕಂಬಗಳಲ್ಲೆಲ್ಲ ಅವೇ ಬಣ್ಣಗಳು. ಕಿತ್ತಳೆ, ಬಿಳಿ, ದಟ್ಟ ಹಸಿರು, ನಡುವೆ ಕಪ್ಪು ಗೆರೆ. ಎಂದರೆ ಅವನು ಒಂದೇ ಒಗಟನ್ನು ಮತ್ತೆ ಮತ್ತೆ ತಿದ್ದಿ ಅಚ್ಚು ಹಾಕಿದ್ದ. ಕೋಣೆಯೆಲ್ಲ ಹುಡುಕಿದೆ. ಕಂಬಗಳಿದ್ದವು, ಒಗಟುಗಳಿರಲಿಲ್ಲ. ಯಾರಿಗೋ ಕೊಟ್ಟಿದ್ದಾನೆ.

ಭಾನುವಾರಗಳಂದು ಲ್ಯಾಬಿಗೆ ಹೋಗುತ್ತೇನೆ ಎಂದು ಹೋಗುತ್ತಿದ್ದ. ನಾನು ಕೇಳುತ್ತಿರಲಿಲ್ಲ. ಒಂದು ಹೆಣ್ಣಿನ ಮುಖವನ್ನು ಊಹಿಸಿಕೊಳ್ಳಲು ನೋಡಿದೆ. ಯಾವ ಮುಖವೂ ಬರಲಿಲ್ಲ. ಅನುಮಾನ ಮಾತ್ರ ಹೋಗಲಿಲ್ಲ.

ಪ್ರಿಂಟರಿನ ನೆನಪಿನಲ್ಲಿ ಕೊನೆಯ ಅಚ್ಚು ಉಳಿದಿತ್ತು. ಬಣ್ಣದ ಸುರುಳಿಗಳೂ ಸಿಕ್ಕಿಸಿದಂತೆಯೇ ಇದ್ದವು. ಗುಂಡಿ ಒತ್ತಿದೆ.

ಊಟದ ಹೊತ್ತಿಗೆ ಮುಗಿಯಿತು. ತುಂಡುಗಳನ್ನು ತಟ್ಟೆಯಲ್ಲಿ ಹಾಕಿಕೊಂಡು ಬಂದು ಅಡುಗೆಮನೆಯಲ್ಲಿ ಕೂತೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಗುರುಪಾದನ ಒಗಟುಗಳು ನನಗೆ ಗೊತ್ತು. ತುಂಡುಗಳ ನಡುವೆ ಕೂದಲು ತೂರುವಷ್ಟೂ ಜಾಗ ಬಿಡುವವನಲ್ಲ ಅವನು. ಇವು ಹಾಗಿರಲಿಲ್ಲ. ತುಂಡುಗಳು ದಪ್ಪ, ಅಂಚುಗಳು ದುಂಡಗೆ, ಸಂದುಗಳು ಸಡಿಲ. ಸಣ್ಣ ಮಕ್ಕಳಿಗೆ ಮಾಡಿದಂತೆ. ಅಥವಾ ಕೈ ಸ್ವಾಧೀನದಲ್ಲಿಲ್ಲದವರಿಗೆ.

ಎರಡು ಕಿತ್ತಳೆ ತುಂಡು ಈ ಕಡೆ, ಎರಡು ಬಿಳಿ ಆ ಕಡೆ. ಒಂದು ಹಸಿರು ಕೊಂಡಿ ಸುತ್ತಿ ಬಂದು ನಾಲ್ಕನ್ನೂ ಬಿಗಿ ಹಿಡಿಯುತ್ತಿತ್ತು. ಮತ್ತೆ ಎರಡು, ಮತ್ತೆ ಎರಡು, ಮತ್ತೆ ಕೊಂಡಿ. ನಟ್ಟನಡುವೆ ಒಂದು ತೂತು ಉಳಿಯಿತು. ಅಲ್ಲಿ ಕೂರಬೇಕಾದ ತುಂಡನ್ನು ಅವನು ಇನ್ನೂ ಬರೆದೇ ಇರಲಿಲ್ಲ.

ಅವ್ವ ರೊಟ್ಟಿ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು.

"ಹೂ ಕಟ್ಟಿದಂಗ ಕಾಣತೈತಿ ನೋಡು ಅದು," ಎಂದಳು. "ಎರಡು ಚೆಂಡುಹೂ, ಎರಡು ಸೇವಂತಿಗಿ, ನಡಕ ಮರುಗದ ಕಡ್ಡಿ ಇಟ್ಟು ಒಂದು ಗಂಟು. ಗುರುಪಾದನ ಅಕ್ಕ ಹಿಂಗ ಕಟ್ಟತಾಳಲ್ಲ."

*

ಕಸ್ತೂರಕ್ಕ ಗುರುಪಾದನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಹುಬ್ಬಳ್ಳಿಯ ಹೂವಿನ ಪೇಟೆಯಲ್ಲಿ ಅವಳದೊಂದು ಕಟ್ಟೆ ಇದೆ. ನಮ್ಮ ಮದುವೆಗೆ ಬಂದು ಊಟ ಮಾಡದೆ ಹೋಗಿದ್ದಳು. ಬೇರೆ ಜಾತಿಯವಳು, ಓದಿದವಳು ಎಂದು ನನ್ನ ಮೇಲೆ ಮುನಿಸು ಎಂದುಕೊಂಡಿದ್ದೆ. ಮಣ್ಣಿನ ದಿನವೂ ನನ್ನೊಡನೆ ಮಾತಾಡಿರಲಿಲ್ಲ.

ನಾನು ಹೋದಾಗ ಪೇಟೆಯಲ್ಲಿ ಗದ್ದಲ ಇಳಿದಿತ್ತು. ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೂ ಕಟ್ಟುತ್ತಿದ್ದಳು. ಅವಳ ಹಿಂದೆ ಮೊಳೆಗೆ ಕಿತ್ತಳೆ-ಬಿಳಿ-ಹಸಿರಿನ ಪ್ಲಾಸ್ಟಿಕ್ ಗೊಂಚಲುಗಳು ನೇತಾಡುತ್ತಿದ್ದವು. ನಮ್ಮ ಮನೆಯಿಂದ ಕಾಣೆಯಾದ ಒಗಟುಗಳೆಲ್ಲ ಅಲ್ಲಿದ್ದವು.

"ಬಂದ್ರೇನು ಬಾಯಾರ," ಎಂದಳು, ತಲೆ ಎತ್ತದೆ. "ಪ್ರೊಫೆಸರು ಪ್ಯಾಟಿಗೆ ಬಂದೀರಿ ಅಂದ್ರ ಹೂವಿಗಂತೂ ಅಲ್ಲ."

"ಅಕ್ಕಾರ, ಮೊನ್ನೆ ಅಂಚೆ ಕಚೇರಿಯೊಳಗ ಕೂತವರು ನೀವೇನು?"

ಅವಳ ಕೈ ನಿಲ್ಲಲಿಲ್ಲ. "ಪೊಲೀಸರನ್ನ ಕರಕೊಂಡು ಬಂದೀಯೇನು?"

"ಇಲ್ಲ."

"ಮತ್ತ ನಿಂತs ಕೇಳ್ತೀಯಲ್ಲ ಫೌಜದಾರಂಗ. ಕೂಡು."

ಕೂತೆ. ಅವಳು ಇನ್ನೊಂದು ಗಂಟು ಹಾಕಿ, ಹೂವಿನ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಎಳೆದಳು.

"ಹೌದು. ನಾನs ಕೂತಿದ್ದೆ. ನನ್ನ ಹೆಸರಿಂದ ಕೂತೆ. ಅವ ಹೋದ ಮ್ಯಾಲೆ ನನ್ನ ಕೈ ತಿರುಗಿ ನನಗ ಬರತೈತಿ ಅಂತ ತಿಳಕೊಂಡಿದ್ದೆ. ಎಲ್ಲಾ ಜೋಡಿಸಿ ಇಟ್ಟೆ. ಆ ಪೆಟ್ಟಿಗಿ 'ನಮಸ್ಕಾರ, ಗುರುಪಾದ ಹೂಗಾರ' ಅಂತು." ದಾರವನ್ನು ಹೆಬ್ಬೆರಳಿನಿಂದ ಬಿಡಿಸಿದಳು. "ಎಷ್ಟು ಚೊಲೋ ಕರೀತವಾ ಅದು, ಅವನ ಹೆಸರು ಹಿಡದು."

ಆಮೇಲೆ ಅವಳು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಗುರುಪಾದನಿಗೆ ಹೂ ಕಟ್ಟಲು ಕಲಿಸಿದವಳು ಅವಳು. ಮೂರು ವರ್ಷದ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಕೈಯ ಮೇಲೆ ತನ್ನ ಕೈಯಿಟ್ಟು ಕಲಿಸಿದಳು. ಅವನು ಶಾಲೆ ಮುಗಿಸುವ ತನಕ ದಿನಾ ಬೆಳಗ್ಗೆ ಇಬ್ಬರೂ ಕೂತು ಹೂ ಕಟ್ಟುತ್ತಿದ್ದರು. ಎತ್ತುವುದು, ಹಿಡಿಯುವುದು, ತಡೆಯುವುದು, ಬಿಗಿಯುವುದು ಎಲ್ಲ ಅವಳದೇ. ಕೈನಡೆಯನ್ನು ರೂಪಿಸಿದವರು ಲಕ್ಷಾಂತರ ಜನರನ್ನು ಪರೀಕ್ಷೆ ಮಾಡಿದ್ದರು. ಒಬ್ಬರ ಕೈಯೊಳಗೆ ಬೆಳೆದ ಇನ್ನೊಬ್ಬರ ಕೈಯನ್ನು ಪರೀಕ್ಷಿಸಬೇಕು ಎಂದು ಅವರಿಗೆ ಹೊಳೆದಿರಲಿಲ್ಲ. ಕೈಯಿಂದ ಕೈಗೆ ಕಸುಬು ದಾಟಿಸುವ ಮನೆಯಿಂದ ಬಂದವನು ಆ ಕೇಂದ್ರದಲ್ಲಿ ಗುರುಪಾದ ಒಬ್ಬನೇ. ಅವನಿಗೂ ಹೊಳೆದಿರಲಿಲ್ಲ. ಮೊದಲು ನೌಕರರ ನೋಂದಣಿ ಆಯಿತು, ವರ್ಷಗಳ ನಂತರ ಪೇಟೆಯವರದು. ಕಸ್ತೂರಕ್ಕ ಹೋಗಿ ಕೂತಾಗ ಈ ಕೈ ಈಗಾಗಲೇ ದಾಖಲಾಗಿದೆ ಎಂದು ಯಂತ್ರ ಹೇಳಿತು.

ಅವಳು ತಮ್ಮನಿಗೆ ಹೇಳಿದಳು. ಅವನು ಅದನ್ನು ಕೇಂದ್ರಕ್ಕೆ ಹೇಳಬೇಕಿತ್ತು. ಆದರೆ ಅಷ್ಟರಲ್ಲಿ ಅವನ ಕೈ ನಡುಗಲು ಶುರುವಾಗಿತ್ತು.

"ನಡುಗೂದು?" ಎಂದೆ.

ಕಸ್ತೂರಕ್ಕ ನನ್ನನ್ನು ನೋಡಿದಳು. "ನಿನಗ ಗೊತ್ತಿಲ್ಲ?"

ಅವನು ಚಹಾವನ್ನು ಅರ್ಧ ಕಪ್ಪು ಮಾತ್ರ ಹಾಕಿಸಿಕೊಳ್ಳುತ್ತಿದ್ದ. ಬಲಗೈಯನ್ನು ಯಾವಾಗಲೂ ಜೇಬಿನಲ್ಲಿ ಇಟ್ಟಿರುತ್ತಿದ್ದ. ಅಂಗಿಯ ಗುಂಡಿ ಹಾಕು ಎಂದು ನನ್ನ ಮುಂದೆ ನಿಲ್ಲುತ್ತಿದ್ದ. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಇರಲೂಬಹುದು.

"ನರದ ರೋಗ ಅಂತ. ಡಾಕ್ಟರು ವಾಸಿ ಆಗೂದಿಲ್ಲ ಅಂದ್ರಂತ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ. ಒಗಟು ಮಾಡಾಂವಗs ಒಗಟು ಜೋಡಿಸಾಕ ಬರಂಗಿಲ್ಲ ಅಂದ್ರ ಏನ್ ಮಾಡ್ತಾರ ಹೇಳು? ನೌಕರರಿಗೆ ಒಗಟು ಮನಿಗೆ ಒಯ್ಯಾಕ ಕೊಡ್ತಾರಂತಲ್ಲ. ವರ್ಷಾ ಚೀಲದಾಗ ತರ್ತಿದ್ದ, ನಾ ಜೋಡಿಸಿ ಕೊಡ್ತಿದ್ದೆ. 'ಅಕ್ಕಾ, ಸ್ವಲ್ಪ ದಿನ ನಿನ್ನ ಕೈ ಕೊಡು, ಇಬ್ಬರನ್ನೂ ಬ್ಯಾರೆ ಮಾಡೂ ಒಗಟು ಒಂದು ಮಾಡ್ತೀನಿ, ಆಮ್ಯಾಲೆ ತಿರುಗಿ ಕೊಡ್ತೀನಿ' ಅಂದ." ಹಿಂದಿನ ಗೊಂಚಲುಗಳ ಕಡೆ ಕೈ ತೋರಿಸಿದಳು. "ಇವs ಅವು. ಪ್ರತಿ ಐತವಾರ ಒಂದು ತರ್ತಿದ್ದ. ನಾನೂ ಜೋಡಸ್ತಿದ್ದೆ, ಅವನೂ ಹಂಗs ಜೋಡಸ್ತಿದ್ದ, ನಡುಗಿಕೋತ. ನಡುವಿನ ತುಂಡು ಹೊಳೀವಲ್ದು ಅಂತಿದ್ದ. ಗಾಡಿ ಹೊಡೀಬ್ಯಾಡ ಅಂತ ಎಷ್ಟು ಹೇಳಿದೆ. ಕೇಳಲಿಲ್ಲ."

ಬೈಪಾಸಿನ ತಿರುವು. ಬ್ರೇಕು. ನಾನು ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದೆ.

"ಎಷ್ಟು ವರ್ಷ ಅಕ್ಕಾರ?"

"ಮೂರು ಆತು."

ನಮ್ಮ ಮದುವೆಯಾಗಿ ಎರಡು ವರ್ಷ. ನೋಂದಣಿಯ ದಿನ ನನ್ನ ಒಗಟನ್ನು ನಾನು ಅಧಿಕಾರಿಯ ಮುಂದೆ ಕೂತು ಜೋಡಿಸಿದ್ದೆ. ಅವನು ತನ್ನದನ್ನು ಬಟ್ಟೆಯ ಚೀಲದಲ್ಲಿ ತಂದಿದ್ದ. ನೌಕರರ ಸೌಲಭ್ಯ ಎಂದುಕೊಂಡಿದ್ದೆ.

ನನ್ನ ಮುಖ ನೋಡಿ ಕಸ್ತೂರಕ್ಕನಿಗೂ ಅದು ನೆನಪಾಗಿರಬೇಕು.

"ಹೌದವಾ. ಅದೂ ನಾನs," ಎಂದಳು. "ಹಂಗ ನೋಡಿದ್ರ ಸರ್ಕಾರದ ಲೆಕ್ಕದಾಗ ನೀ ನನ್ನ ಹೇಣ್ತಿ." ನಕ್ಕಳು. ನಗುವುದಕ್ಕೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡಳು. "ಅದಕ್ಕs ಅವತ್ತು ಉಣ್ಣಲಿಲ್ಲ. ತುತ್ತು ಇಳೀಲಿಲ್ಲ. ಸುಳ್ಳು ಲಗ್ನದ ಊಟ ಹೆಂಗ ಉಣ್ಣೂದು?"

ಪಕ್ಕದ ಕಟ್ಟೆಯವಳು ಇಣುಕಿ ನೋಡಿ ತನ್ನ ಹೂವಿಗೆ ತಿರುಗಿದಳು.

ಪೇಟೆಯನ್ನು ಹೊಸ ಕಟ್ಟಡಕ್ಕೆ ಸಾಗಿಸುತ್ತಿದ್ದಾರೆ. ಕೈನಡೆ ಇದ್ದವರಿಗಷ್ಟೇ ಅಲ್ಲಿ ಕಟ್ಟೆ. ಅದಕ್ಕೇ ಅವಳು ಅಂಚೆ ಕಚೇರಿಗೆ ಹೋದದ್ದು. ನನ್ನ ಚೀಲದಲ್ಲಿ ಜಮಖಂಡಿ ಸರ್ ಕೊಟ್ಟ ಕಾಗದ ಇತ್ತು. ನಾನು ಸಹಿ ಮಾಡಿದರೆ ಮುದ್ರೆ ಬೀಳುವುದು ಗುರುಪಾದನ ಕೈನಡೆಗಲ್ಲ. ಅವನದು ಎಂದು ಈಗ ದಾಖಲೆಯಲ್ಲಿರುವುದು ಇವಳ ಕೈ. ಮುದ್ರೆ ಬಿದ್ದ ಮೇಲೆ ಯಾವ ಗೂಡಿನಲ್ಲಿ ಕೂತರೂ ಇವಳು ಸತ್ತವಳು.

"ಅಕ್ಕಾರ, ತಪ್ಪು ಹೂ ಬಂತು ಅಂದ್ರ ಮಾಲಿ ಹೆಂಗ ಬಿಚ್ಚತೀರಿ?"

"ಕಟ್ಟಿದ ಹೂ ಯಾರ ಬಿಚ್ಚತಾರ? ಹರೀತಾವ. ಹಂಗs ಮುಂದಕ್ಕ ಕಟ್ಟಿಕೋತ ಹೋಗೂದು."

"ಗುರುಪಾದಗ ಬಿಚ್ಚೂದು ಕಲಿಸಿಲ್ಲ ಹಂಗಾರ."

"ಯಾಕ ಕಲಿಸಲಿ?"

ಅಲ್ಲೇ, ಆ ಕಟ್ಟೆಯ ಮೇಲೆ, ನಡುವಿನ ತುಂಡು ನನಗೆ ಹೊಳೆಯಿತು. ಇಬ್ಬರೂ ಜೋಡಿಸುವುದರಲ್ಲೇ ಬೇರೆಯಾಗಬೇಕೆಂದು ಅವನು ಹುಡುಕಿದ್ದ. ಅಲ್ಲಿ ಅದು ಇರಲೇ ಇಲ್ಲ. ಬಿಚ್ಚುವುದನ್ನು ಅವನು ಆಮೇಲೆ, ಒಬ್ಬನೇ, ಲ್ಯಾಬಿನಲ್ಲಿ ಕಲಿತದ್ದು. ತಾವು ಮಾಡಿದ ಒಗಟನ್ನು ವಿನ್ಯಾಸಕರೇ ಬಿಚ್ಚಿ ನೋಡಿ ದಾಖಲಿಸಬೇಕೆಂಬ ನಿಯಮ ಕೇಂದ್ರದಲ್ಲಿದೆ. ಅವನ ಕೈ ಗಟ್ಟಿಯಾಗಿದ್ದ ಕಾಲದ ಆ ದಾಖಲೆಗಳು ಅಲ್ಲಿ ಇರಲೇಬೇಕು.

*

ಹಿಂದಿನ ಕೋಣೆಯಲ್ಲಿ ಕೂತು ನನ್ನ ಲ್ಯಾಪ್‌ಟಾಪಿನಲ್ಲಿ ತುಂಡನ್ನು ಬರೆದೆ. ಬಿಳಿ ತುಂಡು, ಎರಡು ಜಾಗದಲ್ಲಿ ಕೂರುವಂಥದ್ದು. ಯಾರಾದರೂ ಮೊದಲು ಇಡುವ ಜಾಗ ತಪ್ಪು. ಅದು ತಪ್ಪೆಂದು ತಿಳಿಯುವುದು ಕೊನೆಯ ಕಿತ್ತಳೆ ಒಳಗೆ ಹೋಗದಿದ್ದಾಗ. ಆಗ ಅರ್ಧದ ತನಕ ಬಿಚ್ಚಲೇಬೇಕು.

ಮೊದಲ ಸಲ ಅಚ್ಚು ಹಾಕಿದಾಗ ಅದು ಯಾವ ಜಾಗದಲ್ಲೂ ಕೂರಲಿಲ್ಲ. ಒತ್ತಿದೆ. ಸಿಕ್ಕಿಕೊಂಡಿತು.

"ಲಟ್ಟಣಿಗೀಲೆ ಒಂದು ಬಡೀಲೇನು?" ಎಂದಳು ಅವ್ವ.

"ಬ್ಯಾಡ ಬೇ."

ಲೆಕ್ಕ ಮತ್ತೆ ನೋಡಿದೆ. ಲೆಕ್ಕ ಸರಿ ಇತ್ತು. ಆಮೇಲೆ ನೆನಪಾಯಿತು. ಬಿಸಿ ಪ್ಲಾಸ್ಟಿಕ್ ಆರುವಾಗ ಎಲ್ಲ ಬಣ್ಣಗಳೂ ಒಂದೇ ಸಮ ಕುಗ್ಗುವುದಿಲ್ಲ. ಆ ಬಿಳಿ ಕಿತ್ತಳೆಗಿಂತ ಕಡಿಮೆ ಕುಗ್ಗುತ್ತದೆ. ಗುರುಪಾದ ಬಣ್ಣಕ್ಕೆ ಒಂದೊಂದು ಅಳತೆಯ ಬಿಡುವು ಕೊಡುತ್ತಿದ್ದ. ನಾನು ಎಲ್ಲವನ್ನೂ ಒಂದೇ ಬಣ್ಣದ್ದು ಎಂಬಂತೆ ಬರೆದಿದ್ದೆ. ಬಿಳಿಗೆ ಬಿಡುವು ಹೆಚ್ಚಿಸಿ ಮತ್ತೆ ಅಚ್ಚು ಹಾಕಿದೆ. ಪಕ್ಕದಲ್ಲಿ ಉಗುಳುಗಂಬ ಏಳುತ್ತಿತ್ತು. ನೋಡುತ್ತ ಕೂತೆ.

ಅವ್ವ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಎಲ್ಲ ಹೇಳಿದ್ದೆ.

"ಸುಮ್ಮ ಕೇಳ್ತೀನಿ. ಸಹಿ ಮಾಡಿಬಿಟ್ರ ಏನಾಗತೈತಿ? ನೀ ಅವನ ಹೇಣ್ತಿ ಅಂತ ಉಳೀತಿ. ಆಕಿ ಹೆಂಗರ ಬದುಕ್ಯಾಳು."

"ಕಟ್ಟಿ ಹೋಗತೈತಿ ಅವ್ವಾ. ನಾಳೆ ಆಸ್ಪತ್ರಿಗೆ ಹೋದ್ರ ಹೆಸರು ಬರಕೊಳ್ಳೂದಿಲ್ಲ."

"ಮತ್ತ ನಿಂದು?"

ಆರಿದ ಬಿಳಿ ತುಂಡನ್ನು ಬಿಡಿಸಿ ತೂತಿನಲ್ಲಿ ಇಟ್ಟೆ. ಕೂತಿತು. ಅವ್ವ ಎದ್ದು ಹೋದಳು. ಆಮೇಲೆ ಅದನ್ನು ಮತ್ತೆ ಕೇಳಲಿಲ್ಲ.

*

ಜಮಖಂಡಿ ಸರ್ ಕಸ್ತೂರಕ್ಕನನ್ನು ನೋಡಿ ಎದ್ದು ನಿಂತರು. ಅವರಿಗೆ ಎಷ್ಟು ಮೊದಲೇ ಗೊತ್ತಿತ್ತು ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ.

"ನಾನು ಆಕ್ಷೇಪಣೆ ಸಲ್ಲಸ್ತೀನಿ ಸರ್. ಈ ಕೈನಡೆ ಸತ್ತವರದಲ್ಲ. ಇವರದು. ಮುಖ್ಯಸ್ಥರ ಮುಂದ ಹೋಲಿಸಿ ನೋಡ್ರಿ ಅಂತ ಕೇಳೂ ಹಕ್ಕು ವಾರಸುದಾರರಿಗೆ ಐತಿ."

"ಯಾವ ಒಗಟಿನಿಂದ ಹೋಲಿಸ್ಲಿ? ಎಲ್ಲಾದರಾಗೂ ಒಂದ ಬರ್ತದಲ್ಲ ಮತ್ತ."

ಬಾಯಿ ತಪ್ಪಿ ಬಂದ ಮಾತು. ಅವರು ಕನ್ನಡಕ ತೆಗೆದರು.

"ಗುರುಪಾದನ ಕೈ ನಡುಗೂದು ನಾನು ನೋಡಿದ್ದೆ," ಎಂದರು. "ಚಹಾ ಚೆಲ್ಲಿಕೊಂಡಿದ್ದ ಒಮ್ಮೆ. ಮುಂದಿನ ತಿಂಗಳು ಅವನ ವರ್ಷದ ಕೈನಡೆ ಬಂತು, ಮೊದಲಿನಂಗ ಇತ್ತು. ಕೇಳಲಿಲ್ಲ. ಇಬ್ಬರದು ಒಂದ ಕೈ ಅಂತ ಹೊರಗ ಗೊತ್ತಾದ್ರ ಈ ಇಡೀ ವ್ಯವಸ್ಥಾ ಯಾರು ನಂಬ್ತಾರ ಹೇಳ್ರಿ."

"ನಂಬೂ ಹಂಗ ಮಾಡ್ರಿ," ಎಂದೆ. ಒಗಟನ್ನು ಮೇಜಿನ ಮೇಲಿಟ್ಟೆ. "ಇದನ್ನ ಅವರು ಶುರು ಮಾಡಿದ್ರು."

ಅವರು ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬಿಳಿ ತುಂಡಿನ ಹತ್ತಿರ ತಡೆದರು. ಬಹಳ ಹೊತ್ತು ಅದನ್ನೇ ಹಿಡಿದಿದ್ದರು. ಆಮೇಲೆ ಮುಖ್ಯಸ್ಥರ ದನಿ ಹೋಗಿ ಎಂಜಿನಿಯರನ ದನಿ ಬಂತು. "ಇದು ಬಿಚ್ಚಸ್ತದ," ಎಂದರು.

"ಹೌದ್ರಿ."

"ಮೇಡಂ, ಒಂದು ಮಾತು. ಇದು ಬ್ಯಾರೆ ಬಂತು ಅಂದ್ರ ಕೊನೀ ಮೂರು ವರ್ಷದ ದಾಖಲೆ ಎಲ್ಲಾ ಇವರ ಹೆಸರಿಗೆ ಹೋಗ್ತದ. ನಿಮ್ಮ ಮದುವೀದೂ ಸೇರಿ. ಗುರುಪಾದನ ಮರಣ ಪತ್ರದಾಗ 'ಅವಿವಾಹಿತ' ಅಂತ ಬರ್ತದ. ಪಿಂಚಣಿ ಬಿಡ್ರಿ, ನೀವು ಅವನಿಗೆ ಯಾರೂ ಅಲ್ಲ. ತಿರುಗಿ ಮಾಡ್ಲಿಕ್ಕೆ ಬರೂದಿಲ್ಲ. ಅವನಿಲ್ಲ."

ಕಸ್ತೂರಕ್ಕ ನನ್ನ ತೋಳು ಹಿಡಿದಳು. "ಏ ಶಾಲೂ. ಬ್ಯಾಡ. ನಾ ಕಟ್ಟಿ ಇಲ್ಲದs ರಸ್ತಿ ಮ್ಯಾಲೆ ಕೂತು ಮಾರತೇನಿ. ಎಷ್ಟು ಮಂದಿ ಕೂಡೂದಿಲ್ಲ?"

ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಜೋಡಸ್ರಿ ಅಕ್ಕಾರ," ಎಂದೆ.

ಲ್ಯಾಬಿನಲ್ಲಿ ಯಂತ್ರದ ಮುಂದೆ ಕೂತು ಅವಳು ಜೋಡಿಸಿದಳು. ತೆರೆಯ ಮೇಲೆ ಎರಡು ಗೆರೆಗಳು ಓಡತೊಡಗಿದವು. ನೀಲಿ, ಕೈ ಗಟ್ಟಿಯಾಗಿದ್ದ ಕಾಲದ ಗುರುಪಾದನ ದಾಖಲೆಯದು, ಕೆಂಪು ಅವಳದು. ಒಂದರ ಮೇಲೊಂದು ಕೂತು ಒಂದೇ ಗೆರೆಯಂತೆ ಕಾಣುತ್ತಿದ್ದವು. ಅವನ ಕೈ ಇನ್ನೂ ಎಲ್ಲೋ ನಡೆಯುತ್ತಿದೆ ಎನಿಸಿತು. ಕೊನೆಯ ಕಿತ್ತಳೆ ತುಂಡು ಒಳಗೆ ಹೋಗಲಿಲ್ಲ.

"ಇದೇನs ಇದು. ತಪ್ಪೈತಿ," ಎಂದಳು. ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕುರ್ಚಿಯಿಂದ ಇಳಿದು, ಲ್ಯಾಬಿನ ನುಣುಪು ನೆಲದ ಮೇಲೆ ಕಾಲು ಚಾಚಿ ಕೂತಳು. ಒಗಟಿನ ಹಸಿರು ಕೊಂಡಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹಿಂದಕ್ಕೆ ಎಳೆದಳು. ಸಿಟ್ಟಿನಿಂದ, ಬೈಯುತ್ತ, ತುದಿಯಿಂದಲ್ಲ, ನಡುವಿನಿಂದ ಬಿಚ್ಚಿದಳು.

ಗುರುಪಾದ ಯಾವಾಗಲೂ ತುದಿಯಿಂದ ಬಿಚ್ಚುತ್ತಿದ್ದ, ಒಂದೊಂದನ್ನೇ ಸಾಲಾಗಿ ಇಡುತ್ತಿದ್ದ. ತೆರೆಯ ಮೇಲೆ ನೀಲಿ ಗೆರೆ ಒಂದು ಕಡೆ ಹೋಯಿತು, ಕೆಂಪು ಇನ್ನೊಂದು ಕಡೆ. ಮತ್ತೆ ಕೂಡಲಿಲ್ಲ.

"ಹೊಸ ಕೈನಡೆ," ಎಂದಿತು ಯಂತ್ರ. "ದಯವಿಟ್ಟು ಹೆಸರು ಹೇಳಿ."

"ಕಸ್ತೂರಿ. ಕಸ್ತೂರಿ ಹೂಗಾರ," ಎಂದಳು ನೆಲದ ಮೇಲಿಂದಲೇ, ಗಟ್ಟಿಯಾಗಿ, ಪೇಟೆಯಲ್ಲಿ ಕೂಗುವಂತೆ.

ವಾರಸುದಾರಳ ಒಪ್ಪಿಗೆಗೆ ನಾನೂ ಒಂದು ಸಣ್ಣ ಒಗಟು ಜೋಡಿಸಬೇಕಿತ್ತು. ಜೋಡಿಸಿದೆ. ಹೆಂಡತಿಯಾಗಿ ನಾನು ಮಾಡಿದ ಕೊನೆಯ ಕೆಲಸ ಅದು. ಒಪ್ಪಿಗೆ ದಾಖಲಾದ ಕೂಡಲೇ ನನ್ನ ಹೆಸರಿನ ಮುಂದಿದ್ದ ಅವನ ಹೆಸರು ತೆರೆಯಿಂದ ಹೋಯಿತು.

ಹೊಸದಾಗಿ ದಾಖಲಾದವರಿಗೆ ಕಾಸಿನಗಲದ ಒಂದು ಬಣ್ಣದ ಬಿಲ್ಲೆ ಅಚ್ಚು ಹಾಕಿ ಕೊಡುತ್ತಾರೆ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ತೋರಿಸಲು. ಪ್ರಿಂಟರು ನಿಂತಿತು. ಜಮಖಂಡಿ ಸರ್ ಅದನ್ನು ಬಿಡಿಸಿ ನನ್ನ ಕೈಗೇ ಕೊಟ್ಟರು. ಅವಳಿಗೆ ನೇರ ಕೊಡಲು ಅವರಿಗೆ ಮುಖವಿರಲಿಲ್ಲವೋ, ಅಥವಾ ಇದು ನಾನು ಕೊಡಬೇಕಾದದ್ದು ಎಂದುಕೊಂಡರೋ ತಿಳಿಯಲಿಲ್ಲ.

ನಾನು ನೆಲದ ಮೇಲೆ ಅವಳ ಎದುರು ಕೂತೆ.

"ತಗೋರಿ ಅಕ್ಕಾರ. ಅವರು ನಿಮ್ಮ ಕಡೆಯಿಂದ ಒಯ್ದಿದ್ದು."

"ಕೇಳಿ ಒಯ್ದಿದ್ದ," ಎಂದಳು ಕಸ್ತೂರಕ್ಕ. "ಕದ್ದಿದ್ದಲ್ಲ. ಅದನ್ನೂ ಬರಕೋ ಅಂತ ಹೇಳು ಆ ಸರ್‌ಗೆ."

"ಬರಕೋರಿ ಸರ್," ಎಂದೆ.

ಬಿಲ್ಲೆ ಇನ್ನೂ ಬಿಸಿಯಾಗಿತ್ತು. ಅವಳ ಅಂಗೈ ಮೇಲಿಟ್ಟು ಬೆರಳು ಮಡಚಿದೆ.